ಅತ್ತೆಯನ್ನು ಮೊದಲ ಪಂಕ್ತಿಗೆ ಕೂರಿಸಿದ ಹಡಗು

ಹೊರಡುವ ಮುನ್ನ, ಪೆರೇಸಂದ್ರ

ನಾನು ಗೆದ್ದು ಬಂದವಳು. ಅದನ್ನು ಕೊನೆಯವರೆಗೆ ಮುಚ್ಚಿಟ್ಟುಕೊಳ್ಳುವಷ್ಟು ತಾಳ್ಮೆ ನನಗಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತಿದ್ದೇನೆ. ಸಿಂಗಪುರಕ್ಕೆ ಹೋಗಿ ಹಡಗು ಹತ್ತಿದ್ದು ಸಮುದ್ರ ನೋಡುವುದಕ್ಕಲ್ಲ, ನಮ್ಮ ಅತ್ತೆಗೆ ಒಂದು ಬಿಸಿ ಊಟ ಹಾಕಿಸುವುದಕ್ಕೆ. ಬಿಸಿ ಊಟ ಪೆರೇಸಂದ್ರದಲ್ಲಿ ಸಿಗುವುದಿಲ್ಲವೇ ಎಂದು ನೆಂಟರೆಲ್ಲ ನಕ್ಕರು. ಎಲ್ಲರಿಗೂ ಸಿಗುತ್ತದೆ, ಅತ್ತೆಗೆ ಮಾತ್ರ ಸಿಗುವುದಿಲ್ಲ.

ನಮ್ಮ ಅತ್ತೆ ಅಶ್ವತ್ಥಮ್ಮನವರದು ಹೆದ್ದಾರಿ ಪಕ್ಕದ ದ್ರಾಕ್ಷಿ ತೋಟದ ಮನೆ. ಊಟದ ಹೊತ್ತಿಗೆ ಅಲ್ಲಿ ಯಾರಿರುತ್ತಾರೆ, ಯಾರಿರುವುದಿಲ್ಲ ಎಂದು ಹೇಳುವುದು ಕಷ್ಟ. ತೋಟದ ಆಳುಗಳು, ಹಣ್ಣು ತುಂಬಲು ಬಂದ ಲಾರಿಯವರು, ಬಾಗೇಪಲ್ಲಿಗೆ ಹೋಗುತ್ತಾ ನಡುವೆ ಇಳಿದ ನೆಂಟರು, ಎಲ್ಲರಿಗೂ ಮುದ್ದೆ ಬೀಳಬೇಕು. ಅತ್ತೆ ಕೂತು ಉಂಡಿದ್ದನ್ನು ನೋಡಿದವರು ಕಡಿಮೆ. ಯಾರಾದರೂ ಬಲವಂತ ಮಾಡಿದರೆ ಅವರದು ಒಂದೇ ಮಾತು: "ಎಲ್ರುದೂ ಆಗ್ಲಿ." ಎಲ್ಲರದೂ ಆಗಿ, ಎಲೆ ಎತ್ತಿ, ನೆಲ ಒರೆಸಿದ ಮೇಲೆ ಒಲೆಯ ಪಕ್ಕ ಕೂತು ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಾರೆ. ಸಾರು ಆರಿ ತಣ್ಣಗಾಗಿರುತ್ತದೆ, ಮುದ್ದೆ ಗಟ್ಟಿಯಾಗಿರುತ್ತದೆ. "ಆರಿದ್ರೇನು ಬಿಡಮ್ಮ, ಹೊಟ್ಟೇಲಿ ಬೆಚ್ಚಗಾಗ್ತದೆ" ಅನ್ನುತ್ತಾರೆ. ಚಿಂತಾಮಣಿಯಿಂದ ಸೊಸೆಯಾಗಿ ಬಂದಾಗಿನಿಂದ ನಾನು ಕೇಳಿಕೊಂಡು ಬಂದ ಮಾತಿದು.

ಕಳೆದ ವರ್ಷ ಚಿಕ್ಕಬಳ್ಳಾಪುರದ ಛತ್ರದಲ್ಲಿ ನಮ್ಮ ಮಗಳ ಮದುವೆ. ಹುಡುಗಿಯ ಅಜ್ಜಿ ಮೊದಲ ಪಂಕ್ತಿಯಲ್ಲಿ ಕೂರಲೇಬೇಕೆಂದು ಕೈ ಹಿಡಿದು ಕೂರಿಸಿದೆ. ಎಲೆಯ ತುದಿಗೆ ಉಪ್ಪು ಬಡಿಸಿಲ್ಲವೆಂದು ಎದ್ದರು. ಮತ್ತೆ ಕೂರಿಸಿದೆ. ಬೀಗರ ಕಡೆಯ ಯಾರೋ ನಿಂತಿದ್ದಾರೆಂದು ಎದ್ದು ತಮ್ಮ ಎಲೆಯನ್ನೇ ಬಿಟ್ಟುಕೊಟ್ಟರು. ಕೊನೆಗೆ ಕೊಪ್ಪರಿಗೆ ತೊಳೆಯುವ ಹೊತ್ತಿನಲ್ಲಿ ಹಿಂದಗಡೆ ಹೋಗಿ ನೋಡಿದರೆ, ಅಡುಗೆಯವರ ಜೊತೆ ಅನ್ನ-ಸಾರು ಕಲೆಸುತ್ತಾ ಕೂತಿದ್ದಾರೆ. ಹೋಳಿಗೆ ಮುಗಿದಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಕೋಪ ಬಂತು.

ಅವತ್ತೇ ತೀರ್ಮಾನ ಮಾಡಿದೆ. ಅಡುಗೆಮನೆಯೇ ಕೈಗೆ ಸಿಗದ ಜಾಗಕ್ಕೆ ಇವರನ್ನು ಕರೆದುಕೊಂಡು ಹೋಗಬೇಕು. ನೆಲದ ಮೇಲೆ ಅಂಥ ಜಾಗವಿಲ್ಲ. ತಿರುಪತಿ ದಾರಿಯ ಹೋಟೆಲಿನಲ್ಲೂ ಒಳಗೆ ನುಗ್ಗಿ, ಹುಳಿ ಜಾಸ್ತಿಯಾಯಿತೆಂದು ಭಟ್ಟರಿಗೆ ಬುದ್ಧಿ ಹೇಳಿ ಬಂದವರು ಅವರು. ಹಡಗಾದರೆ ಅಡುಗೆಮನೆ ಎಲ್ಲೋ ತಳದಲ್ಲಿರುತ್ತದೆ, ಸುತ್ತ ನೀರು, ಎದ್ದು ಎಲ್ಲಿಗೆ ಹೋಗುತ್ತಾರೆ? ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ಈಚೆಗೆ ನಿವೃತ್ತಳಾದವಳು. ಶಾಲೆಯ ಲೈಬ್ರರಿಯ ಹಳೇ ಪತ್ರಿಕೆಗಳಲ್ಲಿ ನೋಡಿದ ಹಡಗಿನ ಚಿತ್ರ ತಲೆಯಲ್ಲಿ ಅಚ್ಚೊತ್ತಿತ್ತು. ಗಂಟೆ ಬಾರಿಸುತ್ತಾರೆ, ಒಬ್ಬೊಬ್ಬರಿಗೂ ಒಂದು ಗೊತ್ತಾದ ಕುರ್ಚಿ, ಬಿಳಿ ಮೇಜುಬಟ್ಟೆ, ಕೈಗವಸು ಹಾಕಿಕೊಂಡವರು ಬಡಿಸುತ್ತಾರೆ.

ನಮ್ಮ ಯಜಮಾನರು ಕೃಷ್ಣಪ್ಪನವರು, ಅಂದರೆ ಅತ್ತೆಯ ಮಗ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಮ್ಮಮ್ಮನ್ನ ಎಲ್ರಿಗಿಂತ ಮೊದ್ಲು ಉಣ್ಣಿಸಿಬಿಡು, ನೋಡಣ. ಉಣ್ಣಿಸಿದ್ರೆ ವಾಪಸ್ ಬಂದ್ಮೇಲೆ ಒಂದು ತಿಂಗಳು ಅಡುಗೆ ನಂದು."

"ನಿಮಗೆ ಸೌಟು ಹಿಡಿಯೋಕೆ ಬರುತ್ತೇನ್ರೀ?"

"ಬರಲ್ಲ ಕಣೇ. ಗೆಲ್ಲೋದು ನಾನೇ ಅಂತ ಗೊತ್ತಿರೋದಕ್ಕೇ ಪಂದ್ಯ ಕಟ್ತಿರೋದು."

ಸಿಂಗಪುರ

ಬಂದರಿನಲ್ಲಿ ಹಡಗನ್ನು ನೋಡಿದಾಗ ಯಲಹಂಕದ ಅಪಾರ್ಟ್‌ಮೆಂಟುಗಳನ್ನು ಯಾರೋ ನೀರಿಗೆ ತಳ್ಳಿದ ಹಾಗಿತ್ತು. ಮೇಲೆ ಬಣ್ಣಬಣ್ಣದ ಜಾರುಬಂಡೆಗಳು, ಅದರಿಂದ ಕಿರುಚುತ್ತಾ ಇಳಿಯುವ ಜನ. ಅತ್ತೆ ಸೆರಗು ಸರಿಮಾಡಿಕೊಂಡು ತಲೆಯೆತ್ತಿ ನೋಡಿದರು. "ಬಿಲ್ಡಿಂಗ್ ಚೆನ್ನಾಗದೆ. ಹಡಗೆಲ್ಲಿ?" ಎಂದರು.

ಒಳಗೆ ಕಾಲಿಟ್ಟ ಮೇಲೆ ನನಗೂ ಅದೇ ಅನುಮಾನ. ಅಂಗಡಿ ಬೀದಿ, ಸಿನಿಮಾ, ಗೋಡೆ ಹತ್ತುವ ಆಟ, ಮಹಡಿಯಿಂದ ಮಹಡಿಗೆ ಲಿಫ್ಟು. ಸಮುದ್ರ ಎಲ್ಲಿದೆಯೆಂದು ಕೇಳಿಕೊಂಡು ಹೋಗಬೇಕು. ಹಡಗು ಮುಳುಗಿದರೆ ಏನು ಮಾಡಬೇಕೆಂಬ ಪಾಠವನ್ನು ಫೋನಿನಲ್ಲಿ ವಿಡಿಯೋ ಹಾಕಿ ಮುಗಿಸಿದರು, ಆಮೇಲೆ ಒಂದು ಕಡೆ ಹೋಗಿ ಕಾರ್ಡು ತೋರಿಸಿ ಬಂದರಾಯಿತು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಡೆಕ್ಕಿನ ಮೇಲೆ ಸಾಲಾಗಿ ನಿಲ್ಲುವ ಫೋಟೋಗೆ ಆಸೆಪಟ್ಟಿದ್ದ ನಮ್ಮ ಯಜಮಾನರಿಗೆ ಭಾರೀ ನಿರಾಸೆಯಾಯಿತು.

ನಮ್ಮ ಕೋಣೆ ಹಡಗಿನ ಹೊಟ್ಟೆಯೊಳಗೆ ಇತ್ತು, ಕಿಟಕಿಯಿಲ್ಲ. ಅದರ ಬದಲು ಗೋಡೆಯ ಮೇಲೆ ಒಂದು ಪರದೆ, ಅದರಲ್ಲಿ ಹೊರಗಿನ ಸಮುದ್ರ ಕಾಣುತ್ತದೆ. ಅತ್ತೆ ಅದನ್ನು ತೆರೆಯಲು ಸುಮಾರು ಹೊತ್ತು ಚಿಲಕ ಹುಡುಕಿದರು. ಇದು ಟೀವಿ ಎಂದು ಹೇಳಿದರೂ ಸೀರೆ ಬದಲಾಯಿಸುವಾಗ ಅದರ ಮೇಲೆ ಟವೆಲ್ ಹಾಕಿದರು.

ಊಟದ ಹಾಲಿಗೆ ಹೋದೆವು. ಬಾಗಿಲಲ್ಲಿ ಒಬ್ಬಳು ಹುಡುಗಿ ಹಾಡು ಹೇಳುತ್ತಾ ಬಂದವರ ಕೈಗೆಲ್ಲ ಸ್ಯಾನಿಟೈಸರ್ ಚಿಮುಕಿಸುತ್ತಿದ್ದಳು. ಅತ್ತೆ ಬಲಗೈ ಬೊಗಸೆ ಮಾಡಿ, ಎಡಗೈ ಅದರ ಕೆಳಗೆ ಹಿಡಿದು, ಭಕ್ತಿಯಿಂದ ತೆಗೆದುಕೊಂಡರು. ಬಾಯಿಗೆ ಒಯ್ಯುವಷ್ಟರಲ್ಲಿ ನಾನು ಕೈ ಹಿಡಿದುಕೊಂಡೆ. ಅದು ಪರವಾಗಿಲ್ಲ. ಒಳಗೆ ಹೋದಾಗ ಮಾತ್ರ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಬಿಳಿ ಮೇಜುಬಟ್ಟೆಯಿಲ್ಲ, ಗಂಟೆಯಿಲ್ಲ, ಕೈಗವಸಿಲ್ಲ. ಇಡೀ ಹಾಲಿನ ತುಂಬ ಜನ ತಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದಾರೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಯಾವಾಗ ಬೇಕಾದರೂ ಬರಬಹುದು, ಎಲ್ಲಿ ಬೇಕಾದರೂ ಕೂರಬಹುದು, ಏನು ಬೇಕಾದರೂ ಹಾಕಿಕೊಳ್ಳಬಹುದು.

"ಇದೇನೇ ವಿಮಲಾ, ಎಲ್ರೂ ಹಿಂಗೆ ತಟ್ಟೆ ಹಿಡ್ಕೊಂಡು ನಿಂತವ್ರೆ? ಪಾಪ, ಇವ್ರಿಗೆ ಬಡಿಸೋರು ಯಾರೂ ಇಲ್ವಾ?"

ಬಡಿಸುವವರು ಇಲ್ಲದ ಜಾಗಕ್ಕೆ ಅತ್ತೆಯನ್ನು ಕರೆತಂದಿದ್ದೆ. ಅಂದರೆ ಕುರಿ ಕಾಯುವವನನ್ನು ನಾನೇ ಮಂದೆಯ ನಡುವೆ ತಂದು ಬಿಟ್ಟಿದ್ದೆ. ಅವರು ಮೊದಲು ಮಗನಿಗೆ ತಟ್ಟೆ ತಂದರು, ಆಮೇಲೆ ನನಗೆ, ಆಮೇಲೆ ಪಕ್ಕದ ಮೇಜಿನ ಗುಜರಾತಿ ಮುದುಕರಿಗೆ. ತಮಗೆ ಕೊನೆಯಲ್ಲಿ ಒಂದು ತಟ್ಟೆ ತಂದುಕೊಂಡರು, ಅದೂ ನಾವು ಬಿಟ್ಟ ಪೂರಿ ದಂಡವಾಗಬಾರದೆಂದು. ನಮ್ಮ ಯಜಮಾನರು ಐಸ್‌ಕ್ರೀಮ್ ಚೀಪುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು.

ನಡುಗಡಲು

ಮಾರನೆಯ ದಿನ ಪೂರ್ತಿ ಸಮುದ್ರದಲ್ಲೇ. ಹಡಗು ಅಲುಗಾಡಿದ್ದು ಗೊತ್ತೇ ಆಗುತ್ತಿರಲಿಲ್ಲ. ವಾಂತಿಗೆಂದು ಕಟ್ಟಿಕೊಂಡು ಹೋಗಿದ್ದ ನಿಂಬೆಹಣ್ಣುಗಳೆಲ್ಲ ದಂಡ. ಮಧ್ಯಾಹ್ನ ಅನ್ನ-ಸಾಂಬಾರಿನ ಕೌಂಟರಿನ ಮುಂದೆ ಉದ್ದ ಸಾಲಿತ್ತು, ಬಡಿಸುತ್ತಿದ್ದವನು ಒಬ್ಬನೇ. ಸಾಲಿನಲ್ಲಿ ಚಿಕ್ಕಚಿಕ್ಕ ಮಕ್ಕಳು ತಟ್ಟೆ ಕುಟ್ಟುತ್ತಿದ್ದವು. ನಾನು ಯಜಮಾನರಿಗೆ ಕಾಫಿ ತರಲು ಆ ಕಡೆ ಹೋಗಿದ್ದೆ. ತಿರುಗಿ ನೋಡಿದರೆ ಅತ್ತೆ ಕೌಂಟರಿನ ಹಿಂದೆ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೌಟು ಹಿಡಿದು ಬಡಿಸುತ್ತಿದ್ದಾರೆ. "ಇನ್ನೊಂಚೂರು ಹಾಕ್ಲೇನಪ್ಪಾ?" ಎಂದು ಒಬ್ಬ ಚೀನೀ ಯುವಕನನ್ನು ಕೇಳುತ್ತಿದ್ದಾರೆ. ಅವನು ಏನೂ ಅರ್ಥವಾಗದೆ ತಲೆಯಾಡಿಸಿದ, ಮತ್ತೆ ಒಂದು ಸೌಟು ಬಿತ್ತು.

ಸಾಲು ಸರಸರನೆ ಕರಗಿತು, ಅದು ನಿಜ. ಆದರೆ ಮೇಲ್ವಿಚಾರಕಿ ಓಡಿ ಬಂದಳು. ಒರಟಾಗಿ ಮಾತಾಡಲಿಲ್ಲ, ಕೈಮುಗಿದೇ ಹೇಳಿದಳು. ಹಡಗಿನಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ಟರೆ ಎಲ್ಲರಿಗೂ ಹರಡುತ್ತದೆ, ಆದ್ದರಿಂದ ಪ್ರಯಾಣಿಕರು ಕೌಂಟರಿನ ಹಿಂದೆ ಬರುವಂತಿಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಸೌಟು ಇಟ್ಟರು, ಸೆರಗು ಬಿಚ್ಚಿಕೊಂಡರು.

"ಹಸಿದೋರಿಗೆ ಬಡಿಸಿದ್ರೆ ತಪ್ಪಾ?" ಎಂದು ಮಾತ್ರ ಕೇಳಿದರು.

ಅವತ್ತು ಅವರು ಊಟ ಮಾಡಲಿಲ್ಲ. ಕೋಣೆಗೆ ಹೋಗಿ ಒಂದು ಬಾಳೆಹಣ್ಣು ತಿಂದು, ಗೋಡೆಯ ಸಮುದ್ರದ ಕಡೆ ಮುಖ ಮಾಡಿ ಮಲಗಿದರು. ಬಿಸಿ ಊಟ ಹಾಕಿಸುತ್ತೇನೆಂದು ಕರೆತಂದು ಉಪವಾಸ ಕೆಡವಿದೆನಲ್ಲಾ ಎಂದು ನನಗೆ ತುಂಬ ಸಂಕಟವಾಯಿತು.

ಸಂಜೆ ಗಾಳಿಗೆಂದು ಹೊರಗೆ ಕರೆದುಕೊಂಡು ಹೋದೆ. ಗಲಾಟೆಯಿಲ್ಲದ ಒಂದೇ ಮೂಲೆ ಸಿಕ್ಕಿತು, ಅಲ್ಲಿ ನಾಲ್ಕಾರು ಮರದ ಕುರ್ಚಿಗಳು. ಒಂದರಲ್ಲಿ ಊರುಗೋಲಿಟ್ಟುಕೊಂಡು ಒಬ್ಬ ಬಿಳಿಯ ಅಜ್ಜಿ ಕೂತಿದ್ದರು. ಆಸ್ಟ್ರೇಲಿಯಾದವರು, ಹೆಸರು ಡೊರೊತಿ, ಅತ್ತೆಗಿಂತ ಸ್ವಲ್ಪ ದೊಡ್ಡವರು, ಒಬ್ಬರೇ ಬಂದಿದ್ದಾರೆ. ಮದುವೆಯಾದಾಗಿನಿಂದ ಹಡಗುಗಳಲ್ಲಿ ತಿರುಗಿದವರು. ನನ್ನ ಮೇಷ್ಟ್ರಗಿರಿಯ ಇಂಗ್ಲಿಷಿನಲ್ಲಿ ಮಾತು ಶುರುಮಾಡಿ, ನಾನು ಅಂದುಕೊಂಡು ಬಂದ ಹಡಗು ಯಾವುದೆಂದು ಹೇಳಿದೆ.

ಅವರು ಗೊಳ್ಳೆಂದು ನಕ್ಕರು. "ನೀನು ನನ್ನ ಕಾಲದ ಹಡಗಿಗೆ ಟಿಕೆಟ್ ತೆಗೆದುಕೊಂಡು ಈ ಕಾಲದ ಹಡಗು ಹತ್ತಿದ್ದೀಯ, ಮಗಳೇ."

ಆಮೇಲೆ ಅವರು ಹೇಳುತ್ತಾ ಹೋದರು, ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಆಗಿನ ಹಡಗು ಚಿಕ್ಕದು, ಓಲಾಡುತ್ತಿತ್ತು, ತಟ್ಟೆ ಜಾರದಿರಲಿ ಎಂದು ಮೇಜಿನ ಅಂಚಿಗೆ ಪಟ್ಟಿ ಎತ್ತುತ್ತಿದ್ದರಂತೆ. ಎಲ್ಲಿ ನಿಂತರೂ ಸಮುದ್ರ ಕಾಣುತ್ತಿತ್ತು. ಊಟಕ್ಕೆ ಗಂಟೆ. ಹತ್ತಿದ ದಿನ ಯಾವ ಮೇಜು ಸಿಗುತ್ತದೋ ಇಳಿಯುವ ದಿನದವರೆಗೂ ಅದೇ ಮೇಜು, ಅದೇ ಜನ, ಬಡಿಸುವವನೂ ಅವನೇ. ಒಳ್ಳೆಯ ಬಟ್ಟೆ ಹಾಕಿಕೊಳ್ಳದೆ ಬಂದರೆ ಒಳಗೆ ಬಿಡುತ್ತಿರಲಿಲ್ಲ. ಕ್ಯಾಪ್ಟನ್ ಎಲ್ಲರ ಕೈ ಕುಲುಕುತ್ತಿದ್ದ, ಈಗ ಅವನ ಧ್ವನಿ ಮೈಕಿನಲ್ಲಿ ಮಾತ್ರ. ಆಗ ಹಡಗು ಒಂದೂರಿಂದ ಇನ್ನೊಂದೂರಿಗೆ ಹೋಗಲು ಇತ್ತು. ಈಗ ಹಡಗೇ ಊರು, ಬಂದರು ಬಂದರೂ ಇಳಿಯದ ಜನ ಇದ್ದಾರೆ.

ಅಷ್ಟರಲ್ಲಿ ಜಾರುಬಂಡೆಯಿಂದ ಇಳಿದು ನೀರು ಸುರಿಸಿಕೊಂಡು ಬಂದ ನಮ್ಮ ಯಜಮಾನರು ಈ ಕಾಲದ ವಕಾಲತ್ತು ವಹಿಸಿದರು. "ಆ ಕಾಲದಲ್ಲಿ ನಮ್ಮಂಥೋರು ಮೇಲಿನ ಮಹಡಿಗೆ ಬರೋಕೆ ಬಿಡ್ತಿದ್ರಾ, ಕೇಳು." ಕೇಳಿದೆ. ಡೊರೊತಿ ಒಪ್ಪಿಕೊಂಡರು. ಮೊದಲ ದರ್ಜೆಗೂ ಕೆಳಗಿನ ದರ್ಜೆಗೂ ಬೇರೆ ಬೇರೆ ಮೆಟ್ಟಿಲು, ನಡುವೆ ಗೇಟು.

ಅತ್ತೆ ಇಷ್ಟು ಹೊತ್ತು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವರು ಬಾಯಿ ಬಿಟ್ಟರು. "ಅದೆಲ್ಲಾ ಸರಿ ಕಣಮ್ಮ. ಬಡಿಸೋರು ಯಾವಾಗ ಉಣ್ತಿದ್ರಂತೆ, ಕೇಳು."

ನಾನು ಕೇಳಿದೆ. ಡೊರೊತಿ ಊರುಗೋಲಿನ ಹಿಡಿಯನ್ನು ಸವರಿದರು. "ಅವರಲ್ಲಿ ಎಷ್ಟೋ ಜನ ನಿಮ್ಮ ದೇಶದವರೇ, ಗೋವಾದವರು. ಎಲ್ಲ ಮುಗಿದ ಮೇಲೆ ಉಳಿದದ್ದನ್ನು ತಿನ್ನುತ್ತಿದ್ದರು ಅಂತ ಕಾಣುತ್ತದೆ. ನಾನು ಯಾವತ್ತೂ ಕೇಳಲಿಲ್ಲ" ಎಂದರು.

"ನಂಗೊತ್ತಿತ್ತು" ಎಂದರು ಅತ್ತೆ.

ಪೆನಾಂಗ್

ಇಲ್ಲಿ ನೆಲಕ್ಕಿಳಿದೆವು. ಹಳೇ ಬೀದಿಯೊಂದರಲ್ಲಿ ತಮಿಳು ಹೆಂಗಸೊಬ್ಬಳ ಮೆಸ್ಸು ಸಿಕ್ಕಿತು, ಬಾಳೆಎಲೆ ಊಟ. ಎಲೆ ಹಾಕಿದರು, ಬಿಸಿ ಅನ್ನ ಬಿತ್ತು, ಅತ್ತೆ ಕೂತಿದ್ದಾರೆ. ಇಲ್ಲೇ ಗೆದ್ದೆ ಅಂದುಕೊಂಡು ಯಜಮಾನರ ಕಡೆ ಹುಬ್ಬು ಹಾರಿಸಿದೆ. ಬಾಟಲಿಯಿಂದ ಲೋಟಗಳಿಗೆ ನೀರು ಬಗ್ಗಿಸಿ ತಲೆ ಎತ್ತುವಷ್ಟರಲ್ಲಿ ಅತ್ತೆಯ ಕುರ್ಚಿ ಖಾಲಿ.

ಹುಡುಕಿಕೊಂಡು ಹೋಗುವ ಅಗತ್ಯವೇನಿರಲಿಲ್ಲ, ಎಲ್ಲಿರುತ್ತಾರೆಂದು ಗೊತ್ತಿತ್ತು. ಅಡುಗೆಮನೆಯಲ್ಲಿ ಈಳಿಗೆಮಣೆ ಹಾಕಿಕೊಂಡು ಸೌತೆಕಾಯಿ ಹೆಚ್ಚುತ್ತಿದ್ದರು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಮೆಸ್ಸಿನ ಯಜಮಾನಿ ತಟ್ಟೆ ಹಿಡಿದು ಗಬಗಬನೆ ಉಣ್ಣುತ್ತಿದ್ದಳು. ಅತ್ತೆಯ ಗಡಿನಾಡಿನ ತೆಲುಗಿಗೂ ಅವಳ ತಮಿಳಿಗೂ ನಡುವೆ ಏನು ಒಪ್ಪಂದವಾಯಿತೋ ತಿಳಿಯದು.

"ಒಬ್ಳೇ ಕಣೇ ಇಷ್ಟೂ ಜನಕ್ಕೆ. ಬೆಳಿಗ್ಗೆಯಿಂದ ಬಾಯಿಗೇನೂ ಹಾಕಿಲ್ಲ ಅವ್ಳು" ಎಂದು ನನಗೇ ಗದರಿದರು.

ಅವರ ಎಲೆಯ ಅನ್ನ ಆರಿಹೋಯಿತು. ಹಡಗಿಗೆ ಮರಳುವ ಬಸ್ಸಿನಲ್ಲಿ ನಮ್ಮ ಯಜಮಾನರು, "ನೋಡು, ಮುದ್ದೆ ತೊಳಸೋದು ಕಲೀಬೇಕಾಗುತ್ತೇನೋ ಅಂತ ಸ್ವಲ್ಪ ಭಯ ಇತ್ತು. ಈಗಿಲ್ಲ" ಎಂದರು. ನಾನು ಊರು ಮುಟ್ಟುವವರೆಗೂ ಅವರ ಜೊತೆ ಮಾತಾಡಬಾರದು ಅಂದುಕೊಂಡೆ, ಆದರೆ ಕೋಣೆಯ ಬೀಗ ತೆಗೆಯಲು ಅವರ ಕಾರ್ಡೇ ಬೇಕಾಯಿತು.

ಫುಕೆಟ್

ಫುಕೆಟ್‌ನಲ್ಲಿ ನಾವು ಇಳಿಯಲಿಲ್ಲ. ಡೊರೊತಿ ಒಂದು ಸುದ್ದಿ ತಂದಿದ್ದರು. ಈ ಹಡಗಿನಲ್ಲೂ ಹಳೇ ಪದ್ಧತಿಯ ಊಟದ ಕೋಣೆ ಒಂದಿದೆ. ಕೆಳಗಿನ ಮಹಡಿ, ದಿನಾ ಒಂದೇ ಹೊತ್ತು, ಒಂದೇ ಮೇಜು, ಬಿಳಿ ಬಟ್ಟೆ, ಬಡಿಸುತ್ತಾರೆ. ಹೊತ್ತಿಗೆ ಸರಿಯಾಗಿ ಹೋಗುವ ತಾಪತ್ರಯ ಬೇಡವೆಂದು ಬಹಳ ಜನ ಅತ್ತ ಬರುವುದಿಲ್ಲ. ತಮ್ಮ ಮೇಜಿನಲ್ಲಿ ಕುರ್ಚಿಗಳು ಖಾಲಿಯಿವೆ, ಬನ್ನಿ ಎಂದು ಕರೆದರು.

ಹೋದೆವು. ನನ್ನ ಪತ್ರಿಕೆಯ ಚಿತ್ರ ಕಣ್ಣೆದುರಿಗೇ ಬಂದು ನಿಂತ ಹಾಗಾಯಿತು. ಆದರೆ ಬಡಿಸುವವನು ಕುರ್ಚಿ ಎಳೆದು ಕೊಟ್ಟರೂ ಅತ್ತೆ ಕೂರಲಿಲ್ಲ. ಅವನು ದಪ್ಪ ಮೀಸೆಯ, ನಡುವಯಸ್ಸಿನ ಅಪ್ಪಾರಾವ್, ಕಾಕಿನಾಡದ ಕಡೆಯವನು. ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ ತೆಲುಗಿನವನೆಂದು ನಾನು ಹೇಳಿದೊಡನೆ ಅತ್ತೆಯ ಮುಖ ಅರಳಿತು. ಬಾಗೇಪಲ್ಲಿ ಕಡೆಯ ನೆಂಟಸ್ತಿಕೆಯ ತೆಲುಗು ನಾಲಿಗೆ ಮೇಲೇ ಇತ್ತು.

"ಏಂ ನಾಯನಾ, ನುವ್ವು ತಿನ್ನಾವಾ?"

ಅಪ್ಪಾರಾವ್ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತ. ನೀನು ಉಂಡೆಯಾ ಎಂದು ಈ ಹಡಗಿನಲ್ಲಿ ಅವನನ್ನು ಯಾವ ಪ್ರಯಾಣಿಕರೂ ಕೇಳಿರಲಿಲ್ಲವಂತೆ. ಆಮೇಲೆ ತೆಲುಗಿನಲ್ಲೇ ವಿವರಿಸಿದ. ಇಲ್ಲಿ ಕೆಲಸದವರಿಗೆ ಬೇರೆ ಊಟದ ಕೋಣೆಯಿದೆ, ಬಡಿಸುವ ಪಾಳಿ ಶುರುವಾಗುವ ಮುಂಚೆಯೇ ಎಲ್ಲರೂ ಉಂಡಾಗುತ್ತದೆ. ಅವತ್ತು ಮೀನಿನ ಸಾರು, ಅನ್ನ.

"ಬಿಸಿಯಾಗಿತ್ತಾ?" ಎಂದು ಅದೇ ತೆಲುಗಿನಲ್ಲಿ ಕೇಳಿದರು ಅತ್ತೆ.

"ಹೊಗೆ ಬರ್ತಿತ್ತಮ್ಮಾ."

ಅತ್ತೆ ಕೂತರು. ಡೊರೊತಿಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಾಗ, "ಹಾಗಾದರೆ ಈ ವಿಷಯದಲ್ಲಿ ಈ ಕಾಲದ ಹಡಗೇ ವಾಸಿ" ಎಂದು ಒಪ್ಪಿಕೊಂಡರು.

ಕೂತದ್ದೇನೋ ಆಯಿತು, ಉಣ್ಣಬೇಕಲ್ಲ. ಸೂಪು ಬಂತು. ಅತ್ತೆ ತಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಬ್ರೆಡ್ಡಿನ ಬುಟ್ಟಿ ಹಿಡಿದು ಎಲ್ಲರಿಗೂ ಹಂಚಿದರು. ಡೊರೊತಿಗೆ ಬೆಣ್ಣೆ ಸವರಿಕೊಟ್ಟರು. ಮಗನಿಗೆ ಉಪ್ಪು ಸಾಕಾ ಎಂದು ವಿಚಾರಿಸಿದರು. ನಮ್ಮದೆಲ್ಲ ಮುಗಿದು ಅಪ್ಪಾರಾವ್ ಬಟ್ಟಲು ಎತ್ತಲು ಬಂದಾಗ ಅವರದು ಕೆನೆಗಟ್ಟಿ ತಣ್ಣಗಾಗಿತ್ತು, ಅದನ್ನು ನೆಮ್ಮದಿಯಾಗಿ ಕುಡಿದರು. ಡೊರೊತಿ ಇದನ್ನೆಲ್ಲ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಏಳುವಾಗ ನನ್ನ ಕಿವಿಯಲ್ಲಿ, "ನಾಳೆ ಕೊನೆಯ ರಾತ್ರಿ. ನನಗೆ ಬಿಡು. ಒಳ್ಳೆಯ ಸೀರೆ ಉಡಿಸಿಕೊಂಡು ಬಾ" ಎಂದರು.

ಕೊನೆಯ ಸಂಜೆ

ಅತ್ತೆಗೆ ಶಿಡ್ಲಘಟ್ಟದ ರೇಷ್ಮೆಯಿಂದ ನೇಯಿಸಿದ ನೇರಳೆ ಬಣ್ಣದ ಸೀರೆ ಉಡಿಸಿದೆ. ಡೊರೊತಿ ನೀಲಿ ನಿಲುವಂಗಿ, ಮುತ್ತಿನ ಸರ. ನಮ್ಮ ಯಜಮಾನರು ಮಗಳ ಮದುವೆಯ ಕೋಟಿನಲ್ಲಿ ಬಂದರು. ಮೇಜಿಗೆ ಹೊಸಬರನ್ನೂ ಡೊರೊತಿ ಕರೆದಿದ್ದರು, ಮಲೇಷ್ಯಾದ ಗಂಡ ಹೆಂಡತಿ ಮತ್ತು ಅವರ ಪುಟ್ಟ ಮಗಳು. ಮೇಜಿನ ತಲೆಯ ಕಡೆ ಕೈಹಿಡಿಯಿರುವ ದೊಡ್ಡ ಕುರ್ಚಿ. ಅತ್ತೆಯನ್ನು ಅದರಲ್ಲಿ ಕೂರಿಸಿದರು.

ಅಪ್ಪಾರಾವ್ ಎಲ್ಲರಿಗೂ ಟೊಮೇಟೊ ಸೂಪು ಬಡಿಸಿದ. ಹೊಗೆಯಾಡುತ್ತಿತ್ತು. ಅತ್ತೆ ಮಾಮೂಲಿನಂತೆ ಬಟ್ಟಲು ಸರಿಸಿ ಎಲ್ಲರೂ ಶುರುಮಾಡಲೆಂದು ಕಾದರು. ಯಾರೂ ಚಮಚ ಮುಟ್ಟಲಿಲ್ಲ. ಡೊರೊತಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮಲೇಷ್ಯಾದವರೂ ಹಾಗೇ. ಅತ್ತೆ ಬ್ರೆಡ್ಡಿನ ಬುಟ್ಟಿಗೆ ಕೈ ಚಾಚಿದರು, ಬುಟ್ಟಿ ಇರಲಿಲ್ಲ. ಅಪ್ಪಾರಾವ್ ಅದನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದ.

"ಯಾಕೇ, ಯಾರೂ ಉಣ್ತಿಲ್ಲ?"

"ಹಳೇ ಹಡಗಿನ ಕಟ್ಟಳೆಯಂತೆ ಅತ್ತೆ. ಮೇಜಿನ ತಲೇಲಿ ಕೂತಿರೋರು ಮೊದಲು ಬಾಯಿಗೆ ಹಾಕ್ಕೊಳ್ಳೋವರ್ಗೂ ಬೇರೆ ಯಾರೂ ಮುಟ್ಟೋ ಹಂಗಿಲ್ವಂತೆ. ಮುಂಚೆ ಆ ಜಾಗದಲ್ಲಿ ಕ್ಯಾಪ್ಟನ್ ಕೂರ್ತಿದ್ರಂತೆ. ಇವತ್ತು ನೀವು."

"ಇದ್ಯಾವ ಕಟ್ಟಳೆ! ನಂದಾಮೇಲೆ. ಎಲ್ರುದೂ ಆಗ್ಲಿ, ಉಣ್ಣಕ್ ಹೇಳು."

ಹೇಳಿದೆ. ಡೊರೊತಿ ನಗುತ್ತಾ ತಲೆಯಲ್ಲಾಡಿಸಿದರು. ಪುಟ್ಟ ಹುಡುಗಿ ಚಮಚ ಹಿಡಿದುಕೊಂಡು ಒಮ್ಮೆ ಸೂಪಿನ ಕಡೆ, ಒಮ್ಮೆ ಅತ್ತೆಯ ಕಡೆ ನೋಡುತ್ತಿತ್ತು. ಅದಕ್ಕೆ ನಿಜವಾಗಿಯೂ ಹಸಿವಾಗಿತ್ತು, ಇಡೀ ಮಧ್ಯಾಹ್ನ ನೀರಿನಲ್ಲಿ ಆಡಿ ಬಂದಿತ್ತು. ಅದರ ತುಟಿ ನಡುಗಲು ಶುರುವಾಯಿತು. ನಮ್ಮ ಯಜಮಾನರು ಕೂಡ ಈಗ ನಗುತ್ತಿರಲಿಲ್ಲ, ತಾಯಿಯನ್ನೇ ನೋಡುತ್ತಿದ್ದರು. ಪಂದ್ಯ ಅವರಿಗೆ ಮರೆತುಹೋಗಿತ್ತು ಅನ್ನಿಸಿತು.

ಅತ್ತೆಗೆ ಸಿಟ್ಟು ಬಂತು. "ಮಗು ಹಸ್ಕೊಂಡು ಕೂತದೆ, ಇವ್ರಿಗೆ ಕಟ್ಟಳೆ ಬೇಕಂತೆ!" ಎಂದು ಬಟ್ಟಲನ್ನು ಬರ್ರನೆ ಎಳೆದುಕೊಂಡರು. ಚಮಚ ತುಂಬ ಸೂಪು ತುಂಬಿ ಒಂದೇ ಸಲಕ್ಕೆ ಬಾಯಿಗೆ ಸುರಿದುಕೊಂಡರು.

"ಅಯ್ಯಯ್ಯೋ! ಸುಡ್ತದೆ ಕಣೇ!"

ಕಣ್ಣಲ್ಲಿ ನೀರು ಬಂತು ಅವರಿಗೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಉಸ್ಸುಸ್ಸೆಂದು ಗಾಳಿ ಎಳೆದುಕೊಂಡು ನಮ್ಮನ್ನೆಲ್ಲ ಸುತ್ತ ನೋಡಿದರು. ಆಮೇಲೆ ನಗಲು ಶುರುಮಾಡಿದರು.

"ಇಷ್ಟು ಬಿಸೀನಾ ನೀವೆಲ್ಲ ದಿನಾ ಉಣ್ಣೋದು?"

ಡೊರೊತಿ ಚಪ್ಪಾಳೆ ತಟ್ಟಿದರು, ಮಲೇಷ್ಯಾದವರು ತಟ್ಟಿದರು, ಅಪ್ಪಾರಾವ್ ಬುಟ್ಟಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಟ್ಟಿದ. ವಿಷಯ ಏನೆಂದು ಗೊತ್ತಿಲ್ಲದ ಪಕ್ಕದ ಮೇಜಿನವರೂ ತಟ್ಟಿದರು. ಮಗು ಆಗಲೇ ಅರ್ಧ ಬಟ್ಟಲು ಖಾಲಿ ಮಾಡಿತ್ತು. ನಾನು ಅಳುತ್ತಿದ್ದೆ, ನನಗೆ ನಾಚಿಕೆಯೇನೂ ಆಗಲಿಲ್ಲ. ನಮ್ಮ ಯಜಮಾನರು ನ್ಯಾಪ್‌ಕಿನ್ನಿನಲ್ಲಿ ಮೂಗು ಒರೆಸಿಕೊಂಡು, "ತೊಗರಿಬೇಳೆ ಎಷ್ಟು ಹೊತ್ತು ಬೇಯಿಸ್ಬೇಕು?" ಎಂದು ಕೇಳಿದರು.

ಆಮೇಲೆ ಅತ್ತೆ ಆ ಕುರ್ಚಿಯನ್ನು ಬಿಡಲಿಲ್ಲ. ಒಂದೊಂದು ತಿಂಡಿ ಬಂದಾಗಲೂ ಮೊದಲು ತಾವು ಒಂದು ತುತ್ತು ಬೇಗ ಹಾಕಿಕೊಂಡು, "ಹೂಂ, ಉಣ್ರಪ್ಪಾ" ಎಂದು ಅಪ್ಪಣೆ ಕೊಡುತ್ತಿದ್ದರು. ಕೋಳಿಯ ಚೂರು ಬಂದಾಗ ಇವತ್ತು ಯಾವ ವಾರ ಎಂದು ಕೇಳಿ, ಶನಿವಾರ ಅಲ್ಲವೆಂದು ಗೊತ್ತಾದ ಮೇಲೆ ಎರಡು ಸಲ ಹಾಕಿಸಿಕೊಂಡರು. ಕೊನೆಗೆ ಐಸ್‌ಕ್ರೀಮ್ ಬಂದಾಗ ಮಾತ್ರ, "ಇದ್ನ ಆರಿಸೋ ಕೆಲ್ಸ ಇಲ್ಲ" ಎಂದು ಎಲ್ಲರನ್ನೂ ಒಟ್ಟಿಗೇ ತಿನ್ನಲು ಬಿಟ್ಟರು. ನಾನು ಅವತ್ತು ಏನು ತಿಂದೆ ಎಂಬುದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ, ಅವರು ತಿಂದದ್ದೆಲ್ಲ ನೆನಪಿದೆ.

ಏಳುವಾಗ ಡೊರೊತಿಯನ್ನು ಕೇಳಿದೆ, ಹಳೇ ಹಡಗುಗಳಲ್ಲಿ ನಿಜವಾಗಿಯೂ ಅಂಥ ಕಟ್ಟಳೆ ಇತ್ತೇ ಎಂದು. "ಸುಮಾರಾಗಿ ಇತ್ತು. ನಾನು ಅದನ್ನು ಸ್ವಲ್ಪ ಬಿಗಿ ಮಾಡಿದೆ" ಎಂದು ಕಣ್ಣು ಮಿಟುಕಿಸಿದರು.

ಮತ್ತೆ ಪೆರೇಸಂದ್ರ

ತೋಟದ ಮನೆಗೆ ಬಂದ ಮಾರನೆಯ ದಿನವೇ ನಮ್ಮ ಯಜಮಾನರು ಸೌಟು ಹಿಡಿದರು. ಮಾತು ಉಳಿಸಿಕೊಂಡರು, ಅಷ್ಟು ಹೇಳಲೇಬೇಕು. ಮುದ್ದೆಯಲ್ಲಿ ಗಂಟಿತ್ತು, ಸೊಪ್ಪಿನ ಸಾರಿನಲ್ಲಿ ಉಪ್ಪು ಎರಡು ಸಲ ಬಿದ್ದಿತ್ತು. ಸಿಂಗಪುರದ ಸುದ್ದಿ ಕೇಳಲು ಮೈದುನನ ಮನೆಯವರು ಬಂದಿದ್ದರು, ತೋಟದ ಆಳುಗಳಿದ್ದರು. ಅತ್ತೆ ಎಲ್ಲರನ್ನೂ, ಗಂಡಸರು ಹೆಂಗಸರು ಅನ್ನದೆ, ಹಜಾರದಲ್ಲಿ ಒಂದೇ ಸಾಲಿಗೆ ಕೂರಿಸಿದರು. ತಾವು ಸಾಲಿನ ತಲೆಯಲ್ಲಿ ಗೋಡೆಗೆ ಒರಗಿ ಕೂತರು.

"ಇನ್ಮೇಲೆ ಈ ಮನೇಲೂ ಹಡಗಿನ ಕಟ್ಟಳೇನೇ" ಎಂದು ಸಾರಿದರು.

ಆಳುಗಳಿಗೆ ಆಗಲೇ ಕಥೆ ಗೊತ್ತಾಗಿತ್ತು. ಯಾರೂ ತಟ್ಟೆಗೆ ಕೈ ಹಾಕಲಿಲ್ಲ, ಎಲ್ಲರೂ ಅತ್ತೆಯ ಕಡೆ ನೋಡುತ್ತಾ ಕಾದರು. ಈ ಮನೆಯ ಹಜಾರದಲ್ಲಿ ಇದನ್ನು ನೋಡುತ್ತೇನೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಆದರೆ ಅತ್ತೆಯೂ ಕೈ ಹಾಕಲಿಲ್ಲ. ಸಾಲಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಸಾರಿನ ಪಾತ್ರೆ ಹಿಡಿದುಕೊಂಡು ನಾನು ನಿಂತಿದ್ದೆ.

"ನಿನ್ ತಟ್ಟೆ ಎಲ್ಲೇ?"

"ನಂದಾಮೇಲೆ ಅತ್ತೆ. ಎಲ್ರುದೂ ಆಗ್ಲಿ" ಎಂದೆ.

ಹೇಳಿದ ಮೇಲೆ ನನಗೇ ಕೇಳಿಸಿತು. ಒಲೆಯ ಪಕ್ಕ ಅತ್ತೆ ಕೊನೆಯಲ್ಲಿ ಉಂಡಿದ್ದನ್ನು ಇಷ್ಟು ವರ್ಷ ನಾನು ಹೇಗೆ ನೋಡಿದೆ? ಎದುರಿಗೆ ಕೂತು ಅದೇ ಆರಿದ ಸಾರನ್ನು ಉಣ್ಣುತ್ತಾ ನೋಡಿದೆ. ಹಡಗಿನವರೆಗೆ ಹೋಗಿ ಬಂದರೂ ಆ ಇನ್ನೊಂದು ತಟ್ಟೆ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಅತ್ತೆಗೆ ಬಂದಿತ್ತು.

"ಕೃಷ್ಣಾ, ಆ ಪಾತ್ರೆ ಇಸ್ಕೊಳೋ. ವಿಮಲಾ, ಬಾರೇ ಇಲ್ಲಿ" ಎಂದು ತಮ್ಮ ಪಕ್ಕದ ನೆಲವನ್ನು ತಟ್ಟಿದರು. ಕೂತೆ. ಯಜಮಾನರು ನನಗೆ ತಟ್ಟೆ ಹಾಕಿ, ಮುದ್ದೆ ಇಟ್ಟು, ಆಗತಾನೆ ಒಲೆಯಿಂದ ಇಳಿಸಿದ ಸಾರು ಬಡಿಸಿದರು.

"ಹೂಂ. ಇವತ್ತು ಮೊದ್ಲು ನೀನು" ಎಂದರು ಅತ್ತೆ. "ಬೇಗ ಹಾಕಮ್ಮ ಕೈಯ, ಎಲ್ರೂ ಹಸ್ಕೊಂಡವ್ರೆ."

ಇಡೀ ಸಾಲು ನನ್ನನ್ನೇ ನೋಡುತ್ತಿತ್ತು. ಮುದ್ದೆ ಮುರಿದು, ಸಾರಿಗೆ ಅದ್ದಿ ಬಾಯಿಗೆ ಹಾಕಿಕೊಂಡೆ.

"ಸುಡ್ತಾ?"

"ಸುಡ್ತು ಅತ್ತೆ" ಎಂದೆ. ಎಲ್ಲರೂ ತಟ್ಟೆಗೆ ಕೈ ಹಾಕಿದರು.